ಹ್ಯಾಪಿ, ಗ್ಲ್ಯಾಡ್, ಪ್ಲೀಸ್ಡ್ ಎಲ್ಲಾ ಒಂದೇನಾ? ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ ಬಳಸಿ ನೋಡಿದ ಮೇಲೆ

ನಮ್ಮ ಸಂಜೆ ತರಗತಿಗೆ ಬರುವ ಹುಡುಗಿಯೊಬ್ಬಳು ತನ್ನ ಮ್ಯಾನೇಜರ್‌ಗೆ ಪ್ರಮೋಷನ್ ಸಿಕ್ಕಾಗ ಒಂದು ಮೆಸೇಜ್ ಕಳಿಸಿದ್ದಳು. "ಐ ಆ್ಯಮ್ ಸ್ಯಾಟಿಸ್‌ಫೈಡ್ ವಿತ್ ಯುವರ್ ಪ್ರಮೋಷನ್ ಸರ್" ಅಂತ. ಮ್ಯಾನೇಜರ್ ಎರಡು ದಿನ ಸರಿಯಾಗಿ ಮಾತಾಡಲಿಲ್ಲವಂತೆ. ಮೂರನೇ ದಿನ ತರಗತಿಗೆ ಬಂದು ಫೋನ್ ತೋರಿಸಿದಳು. "ಸರ್, ಇದರಲ್ಲಿ ನಾನೇನು ತಪ್ಪು ಬರೆದಿದ್ದೀನಿ ಹೇಳಿ" ಅಂದಳು. ಕಣ್ಣಲ್ಲಿ ನೀರಿತ್ತು.

ವ್ಯಾಕರಣ ಸರಿ ಇದೆ. ಸ್ಪೆಲಿಂಗ್ ಸರಿ ಇದೆ. ಅವಳ ಹತ್ತಿರ ಇದ್ದ ಸಣ್ಣ ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ ಆ ಪದದ ಎದುರು "ಸಂತುಷ್ಟ" ಅಂತ ಇತ್ತು. ಸಂತುಷ್ಟ ಅಂದರೆ ಸಂತೋಷಗೊಂಡವನು ಅಂತ ತಾನೇ ನಾವೆಲ್ಲ ಓದಿರೋದು? ಆದರೆ ಇಂಗ್ಲಿಷ್ ಬಲ್ಲವರಿಗೆ ಆ ವಾಕ್ಯ ಬೇರೆಯೇ ಥರ ಕೇಳುತ್ತದೆ. "ನಿಮ್ಮ ಪ್ರಮೋಷನ್ ಪರೀಕ್ಷೆ ಮಾಡಿ ನೋಡಿದೆ, ಪರವಾಗಿಲ್ಲ, ಪಾಸು" ಅಂದ ಹಾಗೆ. ಕೈಕೆಳಗಿನವರು ಮೇಲಿನವರಿಗೆ ಮಾರ್ಕ್ಸ್ ಕೊಟ್ಟ ಹಾಗೆ.

ಅವತ್ತಿನಿಂದ ನಾನು ಒಂದು ಕೆಲಸ ಶುರು ಮಾಡಿದೆ. ಇಂಗ್ಲಿಷಿನಲ್ಲಿ ಸಂತೋಷಕ್ಕೆ ಇರುವ ಪದಗಳನ್ನೆಲ್ಲ ಒಂದೊಂದಾಗಿ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯಲ್ಲಿ ನೋಡಿ, ತರಗತಿಯಲ್ಲಿ ಹುಡುಗರ ಜೊತೆ ಕೂತು ಚರ್ಚೆ ಮಾಡೋದು. ಹ್ಯಾಪಿ, ಗ್ಲ್ಯಾಡ್, ಪ್ಲೀಸ್ಡ್, ಡಿಲೈಟೆಡ್, ಕಂಟೆಂಟ್, ಜಾಯ್, ಬ್ಲಿಸ್, ಚಿಯರ್‌ಫುಲ್, ಮೆರಿ. ಹಾಗಾಗಿ ಇದು ಇಡೀ ಡಿಕ್ಷನರಿಯ ವಿಮರ್ಶೆ ಅಲ್ಲ, ಈ ಒಂದು ಗುಂಪಿನ ಪದಗಳಲ್ಲಿ ಅದು ನಮಗೆ ಎಷ್ಟು ಕೆಲಸಕ್ಕೆ ಬಂತು, ಎಲ್ಲಿ ಕೈಕೊಟ್ಟಿತು ಅನ್ನೋದರ ಲೆಕ್ಕ. ಡಿಕ್ಷನರಿಯನ್ನು ಪರೀಕ್ಷೆ ಮಾಡೋಕೆ ಸುಲಭದ ಪದಗಳೇ ಸರಿ ಅಂತ ನನಗೆ ಅನಿಸುತ್ತದೆ. ಯಾರೂ ಕೇಳದ ದೊಡ್ಡ ಪದಕ್ಕೆ ಎಲ್ಲ ಡಿಕ್ಷನರಿಯೂ ಅರ್ಥ ಕೊಡುತ್ತದೆ. ಹ್ಯಾಪಿಗೂ ಗ್ಲ್ಯಾಡ್‌ಗೂ ಏನು ವ್ಯತ್ಯಾಸ ಅಂತ ಕೇಳಿ ನೋಡಿ, ಆಗ ಗೊತ್ತಾಗುತ್ತದೆ.

ಈ ಡಿಕ್ಷನರಿಯ ಹುಟ್ಟು ತಿಳಿದರೆ ಇದು ಯಾರಿಗಾಗಿ ಮಾಡಿದ್ದು ಅಂತ ಅರ್ಥ ಆಗುತ್ತದೆ. ಎ.ಎಸ್. ಹಾರ್ನ್‌ಬಿ ಅನ್ನುವ ಇಂಗ್ಲಿಷ್ ಮೇಷ್ಟ್ರು 1924ರಲ್ಲಿ ಪಾಠ ಹೇಳೋಕೆ ಜಪಾನ್‌ಗೆ ಹೋದರು. ಅಲ್ಲಿನ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ವರ್ಷಗಟ್ಟಲೆ ನೋಡಿದರು. ಇಬ್ಬರು ಜೊತೆಗಾರರನ್ನು ಸೇರಿಸಿಕೊಂಡು ಅವರು ಮಾಡಿದ ನಿಘಂಟು ಮೊದಲು ಅಚ್ಚಾಗಿದ್ದು ಟೋಕಿಯೋದಲ್ಲಿ, 1942ರಲ್ಲಿ, ಅದೂ ಎರಡನೇ ಮಹಾಯುದ್ಧದ ಮಧ್ಯೆ. ಆಕ್ಸ್‌ಫರ್ಡ್‌ನವರು ಅದನ್ನು ತಾವೇ ಹೊರತಂದಿದ್ದು 1948ರಲ್ಲಿ. ಹತ್ತನೇ ಆವೃತ್ತಿ 2020ರಲ್ಲಿ ಬಂತು, ನನ್ನ ಮೇಜಿನ ಮೇಲೆ ಇರೋದು ಅದೇ. ಅಂದರೆ ಇದು ಲಂಡನ್‌ನಲ್ಲಿ ಹುಟ್ಟಿ ಬೆಳೆದವರಿಗೆ ಬರೆದ ಪುಸ್ತಕ ಅಲ್ಲವೇ ಅಲ್ಲ. ಮನೆಯಲ್ಲಿ ಬೇರೆ ಭಾಷೆ ಆಡಿಕೊಂಡು, ಇಂಗ್ಲಿಷನ್ನು ಕಷ್ಟಪಟ್ಟು ಕಲಿಯುವವರಿಗೆ ಬರೆದದ್ದು. ನಮ್ಮಂಥವರಿಗೆ.

ಸರಿ, ಹ್ಯಾಪಿ ತೆಗೆಯೋಣ. ಪದದ ಪಕ್ಕ ಎ1 ಅಂತ ಗುರುತು ಇದೆ. ಯುರೋಪಿನವರು ಭಾಷೆ ಕಲಿಕೆಗೆ ಎ1 ಇಂದ ಸಿ2 ವರೆಗೆ ಆರು ಮೆಟ್ಟಿಲು ಮಾಡಿದ್ದಾರೆ, ಅದರಲ್ಲಿ ಮೊದಲನೆಯದು. ಈ ಗುರುತು ತುಂಬಾ ಉಪಯೋಗ. ಹೊಸಬರಿಗೆ ಯಾವುದನ್ನು ಮೊದಲು ಕಲಿಯಬೇಕು, ಯಾವುದನ್ನು ಆಮೇಲೆ ನೋಡಿಕೊಂಡರೆ ಆಯ್ತು ಅಂತ ನಾನು ಹೇಳಬೇಕಾಗಿಲ್ಲ, ಪುಟವೇ ಹೇಳುತ್ತದೆ.

ಆದರೆ ಅರ್ಥ ಓದೋಕೆ ಹೋದರೆ ಮೊದಲ ನಿರಾಶೆ ಅಲ್ಲೇ ಕಾದಿದೆ. ಹ್ಯಾಪಿ ಅಂದರೆ ಪ್ಲೆಷರ್ ಅನುಭವಿಸುವುದು, ತೋರಿಸುವುದು ಅನ್ನುತ್ತದೆ. ಸರಿ, ಪ್ಲೆಷರ್ ಅಂದರೆ ಏನು ಅಂತ ಅಲ್ಲಿಗೆ ಹೋದರೆ, ಹ್ಯಾಪಿ ಆಗಿರುವ ಸ್ಥಿತಿ ಅನ್ನುತ್ತದೆ. ಗ್ಲ್ಯಾಡ್ ನೋಡಿದರೆ ಪ್ಲೀಸ್ಡ್, ಹ್ಯಾಪಿ. ಪ್ಲೀಸ್ಡ್ ನೋಡಿದರೆ ಮತ್ತೆ ಹ್ಯಾಪಿ. ಜಾಯ್ ನೋಡಿದರೆ ದೊಡ್ಡ ಹ್ಯಾಪಿನೆಸ್. ದೇವಸ್ಥಾನ ಪ್ರದಕ್ಷಿಣೆ ಹಾಕಿದ ಹಾಗೆ ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬಂದು ನಿಲ್ಲುತ್ತೇವೆ. ಇದಕ್ಕೆ ಕಾರಣವೂ ಇದೆ. ಈ ಡಿಕ್ಷನರಿಯಲ್ಲಿ ಅರ್ಥ ಬರೆಯೋಕೆ ಸುಮಾರು ಮೂರು ಸಾವಿರ ಸುಲಭ ಪದಗಳ ಪಟ್ಟಿ ಇಟ್ಟುಕೊಂಡಿದ್ದಾರೆ, ಆದಷ್ಟೂ ಅದರೊಳಗೇ ಬರೆಯುತ್ತಾರೆ. ಕುರ್ಚಿ, ಸೇತುವೆ, ಜ್ವರ, ಇಂಥವಕ್ಕೆ ಈ ಪದ್ಧತಿ ಬಹಳ ಚೆನ್ನಾಗಿ ಹೊಂದುತ್ತದೆ. ಆದರೆ ಸಂತೋಷಕ್ಕಿಂತ ಸುಲಭದ ಪದ ಹಾಕಿ ಸಂತೋಷವನ್ನು ವಿವರಿಸಿ ಅಂದರೆ ಯಾರು ತಾನೇ ಏನು ಮಾಡುತ್ತಾರೆ? ನಾನೂ ಕನ್ನಡದಲ್ಲಿ ಪ್ರಯತ್ನ ಮಾಡಿದೆ, ನೀವೂ ಮಾಡಿ ನೋಡಿ. "ಸಂತೋಷ ಅಂದರೆ ಮನಸ್ಸಿಗೆ ಹಿತ ಆಗೋದು" ಅಂತೀರಿ. "ಹಿತ ಅಂದರೆ?" ಅಂತ ಯಾರಾದರೂ ಮಗು ಕೇಳಿದರೆ ಮುಗೀತು. ಹಾಗಂತ ಕೊರತೆ ಕೊರತೆಯೇ. ಬರೀ ಅರ್ಥದ ಸಾಲು ಓದಿ ಡಿಕ್ಷನರಿ ಮುಚ್ಚಿಡುವವರಿಗೆ ಇದರಿಂದ ಏನೂ ಸಿಗೋದಿಲ್ಲ.

ಸಿಗೋದು ಅದರ ಕೆಳಗೆ. ಗ್ಲ್ಯಾಡ್ ಪದದ ಹತ್ತಿರ ಒಂದು ಚೌಕ ಇದೆ. ಗ್ಲ್ಯಾಡ್, ಹ್ಯಾಪಿ, ಪ್ಲೀಸ್ಡ್, ಡಿಲೈಟೆಡ್, ಪ್ರೌಡ್, ರಿಲೀವ್ಡ್, ಥ್ರಿಲ್ಡ್ ಇವನ್ನೆಲ್ಲ ಅಕ್ಕಪಕ್ಕ ನಿಲ್ಲಿಸಿ ಯಾವುದು ಎಲ್ಲಿ ಅಂತ ಹೇಳುತ್ತಾರೆ. ಈ ಒಂದು ಚೌಕಕ್ಕೇ ನಾನು ಪುಸ್ತಕದ ದುಡ್ಡು ಕೊಡುತ್ತೇನೆ. ಪ್ಲೀಸ್ಡ್ ಅಂದಾಗ ನೀವು ಯಾರನ್ನೋ, ಯಾವುದನ್ನೋ ತೂಗಿ ನೋಡಿ ಒಪ್ಪಿದ ಹಾಗೆ ಇರಬಹುದು. ಗ್ಲ್ಯಾಡ್ ಅಂದಾಗ ಅದರಲ್ಲಿ ಕೃತಜ್ಞತೆ ಜಾಸ್ತಿ, ಸದ್ಯ ಹೀಗಾಯ್ತಲ್ಲ ಅನ್ನುವ ಭಾವ. ಹ್ಯಾಪಿ ಎರಡು ಕಡೆಗೂ ಸಲ್ಲುತ್ತದೆ. ಇಷ್ಟೇ ವಿಷಯ, ಮೂರು ನಾಲ್ಕು ಸಾಲು. ಆದರೆ ಹತ್ತು ವರ್ಷ ಇಂಗ್ಲಿಷ್ ಹೇಳಿಕೊಟ್ಟ ನನಗೆ ಇದನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ.

ತರಗತಿಯಲ್ಲಿ ಇದನ್ನು ನಾವು ನಮ್ಮ ಊರಿನ ಮಾತಿಗೆ ಹೊಂದಿಸಿಕೊಂಡೆವು. ಮಳೆ ಜೋರಾಗಿದೆ, ಮಗ ಬೈಕಿನಲ್ಲಿ ಹರಿಹರದಿಂದ ಬರಬೇಕು, ಫೋನ್ ಎತ್ತುತ್ತಿಲ್ಲ. ಒಂಬತ್ತು ಗಂಟೆಗೆ ಗೇಟು ಸದ್ದಾಯಿತು. ಆಗ ಅಮ್ಮನಿಗೆ ಆಗೋದು ರಿಲೀಫ್, ಬಾಯಲ್ಲಿ ಬರೋದು "ಸದ್ಯ, ಬಂದ್ಯಲ್ಲಪ್ಪಾ" ಅಂತ. ಈ "ಸದ್ಯ" ಅನ್ನೋದೇ ಗ್ಲ್ಯಾಡ್. ಮಗ ಸೆಮಿಸ್ಟರ್ ಪರೀಕ್ಷೆಯಲ್ಲಿ ಒಳ್ಳೆ ಮಾರ್ಕ್ಸ್ ತಗೊಂಡ, ಅಪ್ಪ ಕಾರ್ಡ್ ನೋಡಿ ತಲೆ ಆಡಿಸಿದರು. ಅದು ಪ್ಲೀಸ್ಡ್. ಅದೇ ಮಗನಿಗೆ ಕೆಲಸ ಸಿಕ್ಕಿತು ಅಂತ ಗೊತ್ತಾದಾಗ ಮನೆಯವರೆಲ್ಲ ಹಿಗ್ಗಿ ಹೀರೇಕಾಯಿ ಆದರಲ್ಲ, ಅದು ಥ್ರಿಲ್ಡ್. ಡಿಲೈಟೆಡ್ ಕೂಡ ದೊಡ್ಡ ಸಂತೋಷವೇ, ಆದರೆ ಅದಕ್ಕೆ ಸ್ವಲ್ಪ ಇಸ್ತ್ರಿ ಹಾಕಿದ ಅಂಗಿ ಇದೆ. ಯಾರಾದರೂ ಮದುವೆಗೆ ಕರೆದಾಗ, ಊಟಕ್ಕೆ ಕರೆದಾಗ, ಬರುತ್ತೇವೆ ಅಂತ ಮರ್ಯಾದೆಯಿಂದ ಒಪ್ಪಿಕೊಳ್ಳೋಕೆ ಅದು ಸರಿ. ಥ್ರಿಲ್ಡ್ ಮಾತಿನಲ್ಲಿ ಜಾಸ್ತಿ, ಗೆಳೆಯರ ಮಧ್ಯೆ ಜಾಸ್ತಿ.

ಹಾಗಾದರೆ ಆ ಹುಡುಗಿ ಏನು ಬರೆಯಬೇಕಿತ್ತು? "ಐ ಆ್ಯಮ್ ಸೋ ಹ್ಯಾಪಿ ಫಾರ್ ಯೂ ಸರ್." ಅಷ್ಟೇ ಸಾಕಿತ್ತು. ಇಲ್ಲಿ ಕೆಲಸ ಮಾಡೋದು ಹ್ಯಾಪಿ ಅಲ್ಲ, ಪಕ್ಕದಲ್ಲಿ ಕೂತ ಆ ಸಣ್ಣ "ಫಾರ್."

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಕನ್ನಡದವರು ಎಡವೋದು ಇಲ್ಲೇ. ಹ್ಯಾಪಿ ಫಾರ್ ಅಂದರೆ ಇನ್ನೊಬ್ಬರ ಒಳ್ಳೆಯದು ಕಂಡು ನಮಗೆ ಆಗುವ ಸಂತೋಷ. ಹ್ಯಾಪಿ ವಿತ್ ಅಂದರೆ ಅವರ ಕೆಲಸ, ಆ ವಸ್ತು ನಮಗೆ ಒಪ್ಪಿಗೆ ಆಯಿತು ಅಂತ. ಹ್ಯಾಪಿ ಅಬೌಟ್ ಅಂದರೆ ಒಂದು ವಿಷಯದ ಬಗ್ಗೆ. ಹ್ಯಾಪಿ ಟು ಅಂದರೆ ಸಂತೋಷ ಅನ್ನೋದಕ್ಕಿಂತ "ಧಾರಾಳವಾಗಿ ಮಾಡಿಕೊಡುತ್ತೇನೆ" ಅನ್ನುವ ಅರ್ಥ ಜಾಸ್ತಿ. "ಹ್ಯಾಪಿ ಟು ಹೆಲ್ಪ್" ಅಂತ ಬ್ಯಾಂಕಿನವರು ಬರೆದರೆ ಅವರ ಮನಸ್ಸು ಅರಳಿದೆ ಅಂತ ಅಲ್ಲ, ಕೇಳಿ ಬೇಜಾರಿಲ್ಲ ಅಂತ. ಒಂದೇ ಪದ, ಬಾಲ ಬದಲಾದರೆ ನಾಲ್ಕು ದಿಕ್ಕು. ಈ ಡಿಕ್ಷನರಿ ಹ್ಯಾಪಿ ಕೆಳಗೆ ಪ್ರತಿ ಬಾಲವನ್ನೂ ದಪ್ಪ ಅಕ್ಷರದಲ್ಲಿ ತೋರಿಸಿ, ಅದಕ್ಕೊಂದು ವಾಕ್ಯ ಕೊಡುತ್ತದೆ. ಗ್ಲ್ಯಾಡ್ ವಿತ್ ಅಂತ ಒಬ್ಬ ವ್ಯಕ್ತಿಯ ಬಗ್ಗೆ ಹೇಳುವಂತಿಲ್ಲ, ತಪ್ಪು ಅಂತ ಎಚ್ಚರಿಕೆಯನ್ನೂ ಕೊಡುತ್ತದೆ. ತಪ್ಪಾದ ವಾಕ್ಯವನ್ನು ಹೊಡೆದು ಹಾಕಿ ತೋರಿಸುವ ಅಭ್ಯಾಸ ನನಗೆ ತುಂಬಾ ಇಷ್ಟ. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ತಿದ್ದಿದ ಹಾಗೆ ಇರುತ್ತದೆ.

ಕನ್ನಡದಲ್ಲಿ ಈ ಕಾಟ ಇಲ್ಲ. ನಾವು "ನನಗೆ ಸಂತೋಷ ಆಯ್ತು" ಅಂತೀವಿ. ಗಮನಿಸಿ, "ನಾನು ಸಂತೋಷ" ಅಲ್ಲ. ಸಂತೋಷ ಎಲ್ಲಿಂದಲೋ ಬಂದು ನನಗೆ ಆಗುತ್ತದೆ, ಮಳೆ ಆದ ಹಾಗೆ, ಹಸಿವು ಆದ ಹಾಗೆ. ಇಂಗ್ಲಿಷಿನಲ್ಲಿ "ಐ ಆ್ಯಮ್ ಹ್ಯಾಪಿ," ನಾನೇ ಅದು. ಎರಡು ಭಾಷೆಯ ಮಧ್ಯೆ ಇಷ್ಟು ದೊಡ್ಡ ಅಂತರ ಇದೆಯಲ್ಲ ಅಂತ ತರಗತಿಯಲ್ಲಿ ಒಂದು ದಿನ ಮಾತಾಡಿಕೊಂಡೆವು.

ಮಾರನೇ ದಿನ ಡಿಕ್ಷನರಿಯ ವೆಬ್‌ಸೈಟಿನಲ್ಲಿ ಹ್ಯಾಪಿಯ ಪದಮೂಲ ನೋಡಿದೆ. ಅಚ್ಚಿನ ಪುಸ್ತಕದಲ್ಲಿ ಇದು ಇಲ್ಲ, ಸೈಟಿನಲ್ಲಿ ಒಂದು ಸಣ್ಣ ಬಟನ್ ಒತ್ತಿದರೆ ತೆರೆದುಕೊಳ್ಳುತ್ತದೆ. ಹ್ಯಾಪಿ ಬಂದಿದ್ದು "ಹ್ಯಾಪ್" ಅನ್ನುವ ಹಳೆಯ ಪದದಿಂದ. ಹ್ಯಾಪ್ ಅಂದರೆ ಅದೃಷ್ಟ, ಆಕಸ್ಮಿಕವಾಗಿ ಒದಗಿ ಬಂದದ್ದು. ಮೊದಮೊದಲು ಹ್ಯಾಪಿ ಅಂದರೆ ಅದೃಷ್ಟವಂತ ಅಂತಲೇ ಅರ್ಥ ಇತ್ತು. ಅದೇ ಹ್ಯಾಪ್‌ನಿಂದ ಹ್ಯಾಪನ್ ಬಂತು, ಅಂದರೆ ಆಗು, ಸಂಭವಿಸು. ಪರ್‌ಹ್ಯಾಪ್ಸ್‌ನಲ್ಲೂ ಅದೇ, ಮಿಸ್‌ಹ್ಯಾಪ್‌ನಲ್ಲೂ ಅದೇ. ನಾನು ಓದಿ ಸುಮ್ಮನೆ ಕೂತುಬಿಟ್ಟೆ. ಹ್ಯಾಪಿಯ ಹೊಟ್ಟೆಯೊಳಗೆ "ಆಗು" ಇದೆ! ನಾವು "ಸಂತೋಷ ಆಯ್ತು" ಅಂತ ಬಾಯಿಬಿಟ್ಟು ಹೇಳೋದನ್ನು ಅವರು ನೂರಾರು ವರ್ಷದ ಹಿಂದೆ ಪದದೊಳಗೇ ಇಟ್ಟು ಹೊಲಿದಿದ್ದಾರೆ. ಈಗ ಹೊಲಿಗೆ ಯಾರಿಗೂ ಕಾಣಿಸೋದಿಲ್ಲ ಅಷ್ಟೇ.

ಆಮೇಲೆ ಪದಮೂಲದ ಬಟನ್ ಒತ್ತೋದು ನಮಗೆ ಅಭ್ಯಾಸವೇ ಆಯಿತು. ಗ್ಲ್ಯಾಡ್‌ನ ಹಳೆಯ ಅರ್ಥ ಹೊಳೆಯುವ, ಥಳಥಳ ಅನ್ನುವ ಅಂತ. ಜರ್ಮನ್ ಭಾಷೆಯಲ್ಲಿ ಅದರ ದಾಯಾದಿ ಪದಕ್ಕೆ ಈಗಲೂ ನುಣುಪು ಅಂತ ಅರ್ಥ. ನಾವೂ "ಮುಖ ಬೆಳಗಿತು" ಅಂತೀವಲ್ಲ. ಚಿಯರ್ ಅಂದರೆ ಮೊದಲು ಮುಖ ಅಂತಲೇ ಅರ್ಥ ಇತ್ತು, ಹಳೆಯ ಫ್ರೆಂಚಿನಿಂದ ಬಂದದ್ದು. ಮುಖ ಅನ್ನೋದು ಮುಖದ ಕಳೆ ಆಯಿತು, ಕಳೆ ಅನ್ನೋದು ಒಳ್ಳೆ ಕಳೆ ಆಯಿತು, ಕೊನೆಗೆ ಗೆಲುವು ಆಯಿತು. ಜ್ವರ ಬಿಟ್ಟ ಮಗುವನ್ನು ನೋಡಿ ನಮ್ಮಲ್ಲಿ "ಇವತ್ತು ಗೆಲುವಾಗಿದೆ ಕೂಸು" ಅಂತಾರೆ, ಚಿಯರ್‌ಫುಲ್‌ಗೆ ಇದಕ್ಕಿಂತ ಒಳ್ಳೆ ಕನ್ನಡ ನನಗೆ ಸಿಕ್ಕಿಲ್ಲ. ಕಂಟೆಂಟ್ ಲ್ಯಾಟಿನ್‌ನಿಂದ ಬಂದದ್ದು, ಒಳಗೆ ಹಿಡಿದಿಟ್ಟುಕೊಳ್ಳೋದು ಅನ್ನುವ ಕ್ರಿಯಾಪದದ ಮನೆಯದು. ಡಬ್ಬಿಯೊಳಗಿನ ಸಾಮಾನಿಗೆ ಕಂಟೆಂಟ್ಸ್ ಅನ್ನೋದೂ ಅದೇ ಮನೆಯಿಂದ. ತನ್ನಲ್ಲಿ ಎಷ್ಟಿದೆಯೋ ಅಷ್ಟು ತುಂಬಿಕೊಂಡು, ಹೊರಗೆ ಕೈ ಚಾಚದೆ ಇರೋದು.

ಡಿಲೈಟ್‌ನಲ್ಲಿ ಲೈಟ್ ಇದೆ, ಹಾಗಾಗಿ ಬೆಳಕಿಗೆ ಸಂಬಂಧ ಅಂತ ನಾನು ಬಹಳ ವರ್ಷ ನಂಬಿದ್ದೆ, ಪಾಠದಲ್ಲೂ ಹೇಳಿದ್ದೆ. ಅದು ತಪ್ಪು. ಮೂಲ ಲ್ಯಾಟಿನ್ ಪದದಲ್ಲಿ ಬೆಳಕಿನ ಸುಳಿವೇ ಇಲ್ಲ. ಹದಿನಾರನೇ ಶತಮಾನದಲ್ಲಿ ಲೈಟ್‌ನ ಸ್ಪೆಲಿಂಗ್ ನೋಡಿ ಇದಕ್ಕೂ ಹಾಗೇ ಬರೆದರು. ಆ ಹಳೆಯ ಬ್ಯಾಚಿನವರಿಗೆ ವಾಟ್ಸಾಪ್ ಗ್ರೂಪಿನಲ್ಲಿ ತಿದ್ದುಪಡಿ ಹಾಕಿದ್ದೇನೆ.

ಎಲ್ಲಕ್ಕಿಂತ ಮನಸ್ಸಿಗೆ ತಟ್ಟಿದ್ದು ಸಿಲಿ. ಇವತ್ತು ಸಿಲಿ ಅಂದರೆ ಪೆದ್ದು. ಆದರೆ ಅದರ ಅಜ್ಜನ ಕಾಲದಲ್ಲಿ ಆ ಪದಕ್ಕೆ ಸುಖಿ, ಭಾಗ್ಯವಂತ ಅನ್ನುವ ಅರ್ಥ ಇತ್ತು. ಭಾಗ್ಯವಂತ ಹೋಗಿ ಮುಗ್ಧ ಆದ, ಮುಗ್ಧ ಹೋಗಿ ಅಯ್ಯೋ ಪಾಪ ಆದ, ಪಾಪದವನು ಹೋಗಿ ದುರ್ಬಲ ಆದ, ಕೊನೆಗೆ ಪೆದ್ದ ಆದ. ನಮ್ಮಲ್ಲೂ "ಪಾಪದವನು" ಅಂತ ಹೇಳಿ ಏನೂ ತಿಳಿಯದವನು ಅನ್ನುವ ಅರ್ಥ ಬರಿಸುತ್ತೇವೆ ಅಲ್ವಾ. ನಗುನಗುತ್ತಾ ಇರುವವರನ್ನು ಲೋಕ ಹೀಗೇ ನೋಡಿದೆ ಅಂತ ಯೋಚಿಸಿದರೆ ಬೇಸರ ಆಗುತ್ತದೆ.

ಈಗ ಮತ್ತೆ ಆ ಹುಡುಗಿಯ ಮೆಸೇಜಿಗೆ ಬರುತ್ತೇನೆ. ಸಂತೋಷ, ಸಂತುಷ್ಟ, ಸಂತುಷ್ಟಿ ಎಲ್ಲವೂ ಸಂಸ್ಕೃತದ ಒಂದೇ ಧಾತುವಿನಿಂದ ಬಂದವು. ಪತಂಜಲಿಯ ಯೋಗಸೂತ್ರದಲ್ಲಿ ನಿಯಮಗಳ ಪಟ್ಟಿಯಲ್ಲಿ ಸಂತೋಷ ಅಂತ ಒಂದು ಬರುತ್ತದೆ. ಅಲ್ಲಿ ಅದಕ್ಕೆ ಅರ್ಥ ಖುಷಿ ಅಲ್ಲ, ಇದ್ದದ್ದರಲ್ಲಿ ತೃಪ್ತಿ. ಅಂದರೆ ಇಂಗ್ಲಿಷ್‌ನವರ ಕಂಟೆಂಟ್. ಕನ್ನಡಕ್ಕೆ ಬಂದ ಮೇಲೆ ಅದು ಎಲ್ಲ ಥರದ ಖುಷಿಗೂ ಸಲ್ಲುವ ಪದ ಆಯಿತು. ಹಾಗಾಗಿ ಸ್ಯಾಟಿಸ್‌ಫೈಡ್‌ಗೆ ಸಂತುಷ್ಟ ಅಂತ ಬರೆದ ನಿಘಂಟಿನವರು ಸುಳ್ಳು ಹೇಳಿಲ್ಲ, ಅದನ್ನು ನಂಬಿದ ಹುಡುಗಿ ದಡ್ಡಿಯೂ ಅಲ್ಲ. ಎರಡು ಭಾಷೆಯಲ್ಲಿ ಎರಡು ಪದ ಬೇರೆ ಬೇರೆ ದಾರಿ ಹಿಡಿದು ನಡೆದಿವೆ, ಒಂದು ಸಾಲಿನ ನಿಘಂಟಿಗೆ ಆ ದಾರಿ ತೋರಿಸುವಷ್ಟು ಜಾಗ ಇಲ್ಲ. ಇದನ್ನು ಅವಳಿಗೆ ಹೇಳಿದಾಗ ಅವಳ ಮುಖದಲ್ಲಿ ಬಂದ ನಿರಾಳ ನೋಡಿ ನನಗೂ ಸಮಾಧಾನ ಆಯಿತು.

ನನ್ನದೇ ಒಂದು ಹಳೆಯ ಪೆಟ್ಟು ಇದೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ, ಕಂಪನಿ ಹೆಸರು ಬೇಡ, ಇಂಗ್ಲೆಂಡಿನ ಗಿರಾಕಿಯೊಬ್ಬರು ನಾನು ಮಾಡಿಕೊಟ್ಟ ರಿಪೋರ್ಟ್ ನೋಡಿ "ಐ ಆ್ಯಮ್ ನಾಟ್ ಎಂಟೈರ್ಲಿ ಹ್ಯಾಪಿ ವಿತ್ ದಿಸ್" ಅಂದರು. ಪೂರ್ತಿ ಸಂತೋಷ ಇಲ್ಲ ಅಂದರೆ ಮುಕ್ಕಾಲು ಸಂತೋಷ ಇದೆ ಅಂತ ನಾನು ತಿಳಿದೆ, ಎರಡು ಸಣ್ಣ ತಿದ್ದುಪಡಿ ಮಾಡಿ ವಾಪಸ್ ಕಳಿಸಿದೆ. ಅವರು ಹೇಳಿದ್ದು "ಇದು ನಡೆಯಲ್ಲ, ಪೂರ್ತಿ ಬದಲಾಯಿಸಿ" ಅಂತ. ಆ ಕೆಲಸ ನನ್ನ ಕೈತಪ್ಪಿತು, ಯಾಕೆ ಅಂತ ಯಾರೂ ವಿವರಿಸಲಿಲ್ಲ. ಈ ವಿಷಯದಲ್ಲಿ ಡಿಕ್ಷನರಿಯೂ ಸಹಾಯಕ್ಕೆ ಬರೋದಿಲ್ಲ. ನಾಟ್ ಹ್ಯಾಪಿ ಅನ್ನುವ ಉದಾಹರಣೆ ವಾಕ್ಯಗಳು ಇವೆ, ಆದರೆ ಬ್ರಿಟಿಷರು ಸಿಟ್ಟನ್ನು ಈ ಪದದ ಹಿಂದೆ ಬಚ್ಚಿಡುತ್ತಾರೆ ಅಂತ ಯಾವ ಚೌಕವೂ ಹೇಳೋದಿಲ್ಲ. ಆಫೀಸು ಕೆಲಸಕ್ಕೆ ಹೋಗುವವರಿಗೆ ಅಂಥದ್ದೊಂದು ಚೌಕ ಬೇಕೇ ಬೇಕು.

ಒಳ್ಳೆಯದು ಇನ್ನೂ ಇದೆ. ಗ್ಲ್ಯಾಡ್ ಅನ್ನು ನಾಮಪದದ ಮುಂದೆ ಸಾಮಾನ್ಯವಾಗಿ ಹಾಕೋದಿಲ್ಲ, ಎ ಹ್ಯಾಪಿ ಮ್ಯಾನ್ ಸರಿ, ಎ ಗ್ಲ್ಯಾಡ್ ಮ್ಯಾನ್ ಸರಿ ಅಲ್ಲ ಅನ್ನೋದು ಅಲ್ಲೇ ಗುರುತು ಹಾಕಿದೆ. ಕಂಟೆಂಟ್‌ಗೂ ಹಾಗೇ, ನಾಮಪದದ ಮುಂದೆ ಬೇಕಾದರೆ ಕಂಟೆಂಟೆಡ್. ಮೆರಿ ಇವತ್ತು ಹೆಚ್ಚಾಗಿ ಕ್ರಿಸ್ಮಸ್ ಶುಭಾಶಯದಲ್ಲೇ ಉಳಿದಿದೆ, ಬ್ರಿಟನ್ನಿನಲ್ಲಿ ಸ್ವಲ್ಪ ಕುಡಿದು ಗುಂಗಿನಲ್ಲಿರುವವನಿಗೂ ಹೇಳುತ್ತಾರೆ. ಗೇ ಅನ್ನುವ ಪದಕ್ಕೆ ಉಲ್ಲಾಸದ ಅರ್ಥ ಹಳೆಯದಾಯಿತು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಹಳೆಯ ಇಂಗ್ಲಿಷ್ ಪದ್ಯ ಪಾಠ ಮಾಡುವ ಮೇಷ್ಟ್ರುಗಳಿಗೆ ಇದು ಬೇಕು, ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಚಿಯರ್ಸ್ ಅಂದರೆ ಗ್ಲಾಸು ತಗುಲಿಸುವಾಗ ಮಾತ್ರ ಅಲ್ಲ, ಬ್ರಿಟನ್ನಿನಲ್ಲಿ ಥ್ಯಾಂಕ್ಸ್‌ಗೂ ಅದೇ ಅಂತ ತಿಳಿದು ನರ್ಸಿಂಗ್ ಓದುವ ಹುಡುಗರಿಗೆ ಆಶ್ಚರ್ಯ ಆಯಿತು. ಅವರಲ್ಲಿ ಮೂವರು ಅಲ್ಲಿಗೆ ಕೆಲಸಕ್ಕೆ ಹೋಗೋ ತಯಾರಿಯಲ್ಲಿದ್ದಾರೆ.

ಉಚ್ಚಾರಣೆಗೆ ಸೈಟಿನಲ್ಲಿ ಎರಡು ಸ್ಪೀಕರ್ ಗುರುತು, ನೀಲಿ ಬ್ರಿಟಿಷ್, ಕೆಂಪು ಅಮೆರಿಕನ್. ಕಂಟೆಂಟ್‌ಗೆ ಇದು ಬಹಳ ಮುಖ್ಯ. ಯೂಟ್ಯೂಬಿನವರು ಹೇಳುವ ಕಂಟೆಂಟ್‌ನಲ್ಲಿ ಒತ್ತು ಮೊದಲಿಗೆ, ತೃಪ್ತಿಯ ಕಂಟೆಂಟ್‌ನಲ್ಲಿ ಒತ್ತು ಎರಡನೆಯದಕ್ಕೆ. ಬರಹದಲ್ಲಿ ಒಂದೇ ಪದ. ಕಿವಿಯಲ್ಲಿ ಕೇಳಿದರೆ ಮಾತ್ರ ಗೊತ್ತಾಗೋದು.

ಕೊರತೆಗಳಲ್ಲಿ ದೊಡ್ಡದು ಉದಾಹರಣೆಗಳದ್ದು. ವಾಕ್ಯಗಳೆಲ್ಲ ಶುದ್ಧ, ಸಹಜ ಇಂಗ್ಲಿಷ್. ಆದರೆ ಅವು ಅಲ್ಲಿನ ಬದುಕಿನ ವಾಕ್ಯಗಳು. ನಮ್ಮ ಹುಡುಗರಿಗೆ ತಮ್ಮ ಮನೆಯ ಸಂತೋಷವನ್ನು ಹೇಳಬೇಕು. ಗೃಹಪ್ರವೇಶದ ಸಡಗರ, ಸೊಸೆಯ ಸೀಮಂತ, ಎರಡು ವರ್ಷ ಬರದ ಮೇಲೆ ಕೆರೆ ಕೋಡಿ ಬಿದ್ದಾಗಿನ ಹಿಗ್ಗು. ಸಡಗರಕ್ಕೆ ಹ್ಯಾಪಿನೆಸ್ ಅಂತ ಬರೆದರೆ ಓಡಾಟ, ಗದ್ದಲ, ಹೊಸ ಬಟ್ಟೆ ಎಲ್ಲ ಬಿಟ್ಟುಹೋಗುತ್ತದೆ. ಇದಕ್ಕೆ ಒಂದು ಇಂಗ್ಲಿಷ್ ಡಿಕ್ಷನರಿಯನ್ನು ದೂರುವುದು ನ್ಯಾಯ ಅಲ್ಲ, ಗೊತ್ತು. ಆದರೆ ಕೊಳ್ಳುವವರಿಗೆ ತಿಳಿದಿರಲಿ, ಇದೊಂದೇ ಸಾಲದು.

ಹಾಗಾಗಿ ನಾವು ಪಕ್ಕದಲ್ಲಿ ಅಲರ್ ತೆರೆದಿಟ್ಟುಕೊಳ್ಳುತ್ತೇವೆ. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು. 2019ರಿಂದ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತ, ಒಂದೂವರೆ ಲಕ್ಷ ಪದಗಳ ಆಸುಪಾಸು ಇದೆ. ಕನ್ನಡದಿಂದ ಹೊರಟು ಇಂಗ್ಲಿಷಿಗೆ ಹೋಗಲು ಅಲರ್, ಅಲ್ಲಿ ಸಿಕ್ಕ ಇಂಗ್ಲಿಷ್ ಪದದ ತೂಕ ನೋಡಲು ಆಕ್ಸ್‌ಫರ್ಡ್. ಎರಡನ್ನೂ ಹೀಗೆ ಜೋಡಿಸಿದರೆ ಕೆಲಸ ನಡೆಯುತ್ತದೆ. ಆ ಹುಡುಗಿ ಅವತ್ತು ಇದನ್ನು ಮಾಡಿದ್ದರೆ ಎರಡೇ ನಿಮಿಷದಲ್ಲಿ ಸರಿಯಾದ ವಾಕ್ಯ ಸಿಗುತ್ತಿತ್ತು.

ಯಾವುದನ್ನು ಕೊಳ್ಳಬೇಕು ಅಂತ ಕೇಳುವವರಿಗೆ: ವೆಬ್‌ಸೈಟು ಉಚಿತ. ಜಾಹೀರಾತು ಬರುತ್ತವೆ, ಫೋನಿನಲ್ಲಿ ಅರ್ಥ ಓದುತ್ತಿರುವಾಗ ಪುಟ ಜಿಗಿಯುತ್ತದೆ, ಅದು ಕಿರಿಕಿರಿ. ಆದರೂ ಪದಮೂಲ, ಉಚ್ಚಾರಣೆ ಎರಡೂ ಅಲ್ಲಿ ಇರೋದರಿಂದ ಒಬ್ಬರೇ ಕಲಿಯುವವರಿಗೆ ಅದೇ ಸಾಕು. ಅಚ್ಚಿನ ಪುಸ್ತಕ ತರಗತಿಗೆ, ಮನೆಗೆ ಒಳ್ಳೆಯದು. ಗ್ಲ್ಯಾಡ್ ಹುಡುಕೋಕೆ ಹೋದ ಮಗು ದಾರಿಯಲ್ಲಿ ಇನ್ನು ನಾಲ್ಕು ಪದ ಓದಿಕೊಂಡು ಬರುತ್ತದೆ, ಫೋನಿನಲ್ಲಿ ಅದು ಆಗೋದಿಲ್ಲ. ಕಾಗದ ತೆಳು, ಅಕ್ಷರ ಸಣ್ಣದು, ನಲವತ್ತು ದಾಟಿದವರಿಗೆ ಕನ್ನಡಕ ಬೇಕು. ಪುಸ್ತಕ ತೂಕ ಇದೆ, ದಿನಾ ಬ್ಯಾಗಿನಲ್ಲಿ ಹೊರುವಂಥದ್ದಲ್ಲ.

ಕೊಳ್ಳುವಾಗ ಒಂದು ಎಚ್ಚರಿಕೆ. ಕೆಲವು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ಹಳೆಯ ಆವೃತ್ತಿಯೊಂದನ್ನು ತಂದಿದ್ದೆ. ನಕಲಿ ಪ್ರತಿ. ಮನೆಗೆ ಬಂದು ನೋಡಿದರೆ ಎಚ್ ಅಕ್ಷರದ ಹದಿನಾರು ಪುಟ ಇಲ್ಲವೇ ಇಲ್ಲ, ಹ್ಯಾಪಿ ಇರಬೇಕಾದ ಜಾಗದಲ್ಲಿ ಎಲ್ ಅಕ್ಷರದ ಪುಟಗಳು ಎರಡನೇ ಸಲ ಬಂದಿವೆ. ವಾಪಸ್ ತಗೊಳ್ಳಲಿಲ್ಲ. ಅಗ್ಗ ಅಂತ ಕಂಡರೆ ಅಂಗಡಿಯಲ್ಲೇ ನಿಂತು ಮಧ್ಯದ ಪುಟಗಳನ್ನು ತಿರುವಿ ನೋಡಿ. ಮುದ್ರಣ ಮಸುಕಾಗಿದ್ದರೆ, ಚೌಕಗಳ ಬಣ್ಣ ಅಕ್ಷರದ ಮೇಲೆ ಹರಡಿಕೊಂಡಿದ್ದರೆ ಅಲ್ಲೇ ಇಟ್ಟು ಬನ್ನಿ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಅಂಕ. ಸುತ್ತಿ ಬಳಸುವ ಅರ್ಥಗಳಿಗೆ ಅರ್ಧ ಕಳೆದೆ, ನಾಟ್ ಹ್ಯಾಪಿಗೆ ಅರ್ಧ ಕಳೆದೆ. ಪಿಯುಸಿ ಮುಗಿಸಿದವರು, ಕೆಲಸಕ್ಕೆ ಇಂಗ್ಲಿಷ್ ಬರೆಯಬೇಕಾದವರು, ಮೇಷ್ಟ್ರುಗಳು ಕಣ್ಣು ಮುಚ್ಚಿ ತಗೊಳ್ಳಬಹುದು. ಎಂಟನೇ ತರಗತಿಯ ಒಳಗಿನ ಮಕ್ಕಳಿಗೆ ಇದು ಭಾರ, ಅವರಿಗೆ ಕನ್ನಡ ಅರ್ಥವೂ ಇರುವ ನಿಘಂಟೇ ಮೊದಲು ಇರಲಿ.

ತರಗತಿಯ ನೋಟ್‌ಬುಕ್ಕಿನಲ್ಲಿ ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್ ಬರೆಯುತ್ತಾ ಬಂದಿದ್ದೇವೆ. ಗೆಲುವು, ಹಿಗ್ಗು, ತೃಪ್ತಿ, ಉಲ್ಲಾಸಕ್ಕೆಲ್ಲ ಏನೋ ಒಂದು ಸಿಕ್ಕಿದೆ. ನೆಮ್ಮದಿ ಹತ್ತಿರ ನಿಂತಿದ್ದೇವೆ. ಕಂಟೆಂಟ್‌ಮೆಂಟ್ ಅಂದರು ಒಬ್ಬರು, ಪೀಸ್ ಆಫ್ ಮೈಂಡ್ ಅಂದರು ಇನ್ನೊಬ್ಬರು, ರಿಲೀಫ್ ಅಂತ ಮತ್ತೊಬ್ಬರು. ಹಳಗನ್ನಡದಲ್ಲಿ ನೆಮ್ಮು ಅಂದರೆ ಒರಗು, ನೆಮ್ಮದಿ ಅಂದಾಗಲೆಲ್ಲ ನನಗೆ ಸಾಯಂಕಾಲ ಜಗುಲಿಯ ಕಂಬಕ್ಕೆ ಒರಗಿ ಕೂತ ನಮ್ಮ ಅಜ್ಜಿಯ ನೆನಪು. ತರಗತಿಗೆ ಬರುವ ಗೃಹಿಣಿಯೊಬ್ಬರು, ಎಲ್ಲರಿಗಿಂತ ಹಿರಿಯರು, ಮೂರನ್ನೂ ಕೇಳಿ "ಮಗಳ ಮದುವೆ ಮುಗಿಸಿ, ನೆಂಟರನ್ನೆಲ್ಲ ಕಳಿಸಿ, ಅಡುಗೆಮನೆ ತೊಳೆದು ಮಲಗಿದಾಗ ಆಗೋದು ಇದರಲ್ಲಿ ಯಾವುದು ಸರ್?" ಅಂತ ಕೇಳಿದರು. ಕಂಟೆಂಟ್‌ಮೆಂಟ್ ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ಪೆನ್ನಿನಲ್ಲಿ ಬರೆಯಲು ಅವರು ಇನ್ನೂ ಒಪ್ಪಿಲ್ಲ.